ಹಳೆಯ ಲತೀನ್ ಬಲಿಪೂಜೆಯಲ್ಲಿ ಪಾಲ್ಗೊಳ್ಳುವುದು ಹೇಗೆ: ಶ್ರೀಸಾಮಾನ್ಯರಿಗೊಂದು ಸಮಗ್ರ ಮಾರ್ಗದರ್ಶಿ

ಕನ್ನಡದಲ್ಲಿ ಪೂಜೆ ಕೇಳಿ ಬೆಳೆದವರು ಹಳೆಯ ಲತೀನ್ ಬಲಿಪೂಜೆಗೆ ಮೊದಲ ಸಲ ಹೋದಾಗ ಅವರನ್ನು ಕಂಗೆಡಿಸುವುದು ಭಾಷೆಗಿಂತ ಹೆಚ್ಚಾಗಿ ಮೌನ. ಗುರುಗಳು ಪೀಠದ ಕಡೆ ಮುಖ ಮಾಡಿ ನಿಂತಿರುತ್ತಾರೆ. ಅವರ ದನಿ ಕೇಳಿಸುವುದಿಲ್ಲ. ಪುಸ್ತಕದಲ್ಲಿ ಯಾವ ಪುಟವೆಂದು ಹುಡುಕುವಷ್ಟರಲ್ಲಿ ಗಂಟೆ ಬಾರಿಸಿ ಎಲ್ಲರೂ ಮಂಡಿಯೂರಿ ಆಗಿರುತ್ತದೆ. ಎಷ್ಟೋ ಜನ ಅಲ್ಲಿಗೇ ಪುಸ್ತಕ ಮುಚ್ಚಿಟ್ಟು, ಇದು ನಮಗಲ್ಲ ಎಂದುಕೊಂಡು ಮನೆಗೆ ಹೋಗುತ್ತಾರೆ.

ಹಾಗಾಗಬಾರದು. ಪಾಲ್ಗೊಳ್ಳಬೇಕಾದರೆ ಪೂಜೆಯ ಪ್ರಾರ್ಥನಾಪುಸ್ತಕವಾದ ಮಿಸಲಿನ ಪ್ರತಿ ಸಾಲನ್ನೂ ಗುರುಗಳ ಜತೆ ಓದಿ ಮುಗಿಸಲೇಬೇಕು ಎಂಬ ಭಾವನೆಯನ್ನು ಮೊದಲು ಬಿಡಿ. ಈ ಘಳಿಗೆಯಲ್ಲಿ ಪೀಠದ ಮೇಲೆ ಏನು ನಡೆಯುತ್ತಿದೆ ಎಂಬುದು ಗೊತ್ತಿದ್ದು, ನಿಮ್ಮ ವಾರದ ದುಡಿಮೆ, ಸಂಕಟ, ಹರಕೆಗಳನ್ನು ಗುರುಗಳು ಅರ್ಪಿಸುತ್ತಿರುವ ಬಲಿಯ ಜತೆಗೆ ಇಟ್ಟಿರಾದರೆ ನೀವು ಪೂಜೆಯಲ್ಲಿ ಪೂರ್ತಿ ಪಾಲ್ಗೊಂಡ ಹಾಗೆ. ಪುಸ್ತಕ, ಉತ್ತರ, ಹಾಡು ಎಲ್ಲವೂ ಅದಕ್ಕೆ ಊರುಗೋಲು. ಪೋಪ್ ಹನ್ನೆರಡನೇ ಪಿಯುಸ್ 1947ರಲ್ಲಿ ಬರೆದ 'ಮೆದಿಯಾತೊರ್ ದೇಯಿ' ಪರಿಪತ್ರದಲ್ಲಿ ಇದನ್ನೇ ಹೇಳಿದ್ದಾರೆ: ಎಲ್ಲರಿಗೂ ಮಿಸಲ್ ಹಿಡಿದು ಓದುವ ಶಕ್ತಿ ಒಂದೇ ತೆರನಾಗಿರುವುದಿಲ್ಲ. ಯೇಸುಸ್ವಾಮಿಯ ರಹಸ್ಯಗಳನ್ನು ಧ್ಯಾನಿಸುತ್ತಲೋ ಬೇರೆ ಪ್ರಾರ್ಥನೆ ಹೇಳುತ್ತಲೋ ಪಾಲ್ಗೊಳ್ಳುವುದೂ ಸರಿಯೇ. ಜಪಸರ ಹಿಡಿದು ಪೂಜೆ ಕೇಳುತ್ತಿದ್ದ ನಮ್ಮ ಹಿರಿಯರು ದಾರಿ ತಪ್ಪಿದವರಲ್ಲ.

ಯಾವ ಪೂಜೆ, ಎಲ್ಲಿ

ಇಲ್ಲಿ ಹೇಳುತ್ತಿರುವುದು 1962ರ ಮಿಸಲಿನ ಪೂಜೆ. ಪೋಪ್ ಐದನೇ ಪಿಯುಸ್ 1570ರಲ್ಲಿ ಹೊರಡಿಸಿದ ರೋಮನ್ ಮಿಸಲಿಗೆ ಪೋಪ್ 23ನೇ ಜಾನ್ ಕಾಲದಲ್ಲಿ ಬಂದ ಆವೃತ್ತಿ ಅದು. ಆರನೇ ಪೌಲರ ಹೊಸ ಮಿಸಲು 1969ರ ಆಗಮನ ಕಾಲದ ಮೊದಲ ಭಾನುವಾರ ಜಾರಿಗೆ ಬಂತು. ಆ ಹೊಸ ಮಿಸಲನ್ನೂ ಲತೀನಿನಲ್ಲಿ ಹೇಳಬಹುದು, ಕೆಲವು ಕಡೆ ಹೇಳುತ್ತಾರೆ ಕೂಡ. ಆದ್ದರಿಂದ "ಲತೀನ್ ಪೂಜೆ ಇದೆ" ಎಂದು ಯಾರಾದರೂ ಹೇಳಿದರೆ ಯಾವ ಮಿಸಲು ಎಂದು ಕೇಳಿ ತಿಳಿದುಕೊಳ್ಳಿ. ಎರಡರ ಉತ್ತರಗಳೂ ವಾಚನಗಳೂ ಬೇರೆ ಬೇರೆ.

2007ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಹಳೆಯ ಪೂಜೆಗೆ ಬಾಗಿಲು ವಿಶಾಲವಾಗಿ ತೆರೆದಿದ್ದರು. 2021ರ ಜುಲೈ 16ರಂದು ಪೋಪ್ ಫ್ರಾನ್ಸಿಸ್ ಹೊರಡಿಸಿದ 'ತ್ರಾದಿತ್ಸಿಯೋನಿಸ್ ಕುಸ್ತೋದೆಸ್' ಆದೇಶದ ನಂತರ ಅನುಮತಿ ಆಯಾ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷರ ಕೈಯಲ್ಲಿದೆ. ಹಾಗಾಗಿ ಬೆಂಗಳೂರಿನಲ್ಲಿರಲಿ, ದುಬೈ ಲಂಡನ್ನುಗಳಲ್ಲಿರಲಿ, ಎಲ್ಲಿ ಯಾವ ಹೊತ್ತಿಗೆ ಪೂಜೆ ಇದೆ ಎಂಬುದನ್ನು ಧರ್ಮಾಧ್ಯಕ್ಷರ ಕಚೇರಿಯಿಂದಲೇ ಖಚಿತ ಮಾಡಿಕೊಳ್ಳಿ. ಹಳೆಯ ಮಾಹಿತಿ ನಂಬಿ ಹೋಗಿ ಬಾಗಿಲು ಹಾಕಿದ ಚರ್ಚಿನ ಮುಂದೆ ನಿಂತವರಿದ್ದಾರೆ. ಕಥೋಲಿಕ ಧರ್ಮಸಭೆಯ ಯಾವ ವಿಧಿಯಲ್ಲಿ ಪೂಜೆ ಕೇಳಿದರೂ ಭಾನುವಾರದ ಕಟ್ಟಳೆ ಪೂರೈಸುತ್ತದೆ. ಲತೀನ್ ಪೂಜೆ ಕೇಳಿದವರು ಮತ್ತೆ ಕನ್ನಡ ಪೂಜೆಗೆ ಹೋಗಬೇಕಾಗಿಲ್ಲ. ಹಾಗೆಯೇ ಕನ್ನಡ ಪೂಜೆ ಕೇಳುವವರು ಕಡಿಮೆಯವರು ಎಂಬ ಭಾವನೆಯನ್ನು ಇಟ್ಟುಕೊಂಡು ಇಲ್ಲಿಗೆ ಬರಬೇಡಿ. ಎರಡರಲ್ಲೂ ಅರ್ಪಣೆಯಾಗುವುದು ಒಂದೇ ಬಲಿ.

ಶನಿವಾರ ಸಂಜೆಯ ಕಾಲು ಗಂಟೆ

ಭಾನುವಾರ ತಡಕಾಡುವುದರಲ್ಲಿ ಮುಕ್ಕಾಲು ಪಾಲು ಶನಿವಾರವೇ ತಪ್ಪಿಸಬಹುದು. ಮಿಸಲ್ ಪುಸ್ತಕದಲ್ಲಿ ಎರಡು ಬಗೆಯ ಪ್ರಾರ್ಥನೆಗಳಿರುತ್ತವೆ. ಎಲ್ಲ ದಿನಕ್ಕೂ ಒಂದೇ ಆದ ಭಾಗ ಸಾಮಾನ್ಯವಾಗಿ ಪುಸ್ತಕದ ನಡುವೆ ಇರುತ್ತದೆ, ಅದರ ಹೆಸರು 'ಓರ್ದೋ' ಅಥವಾ ನಿತ್ಯಭಾಗ. ದಿನದಿನಕ್ಕೆ ಬದಲಾಗುವ ಭಾಗ ಅದರ ಹಿಂದೆ ಮುಂದೆ ಹರಡಿರುತ್ತದೆ: ಭಾನುವಾರಗಳದ್ದು ಒಂದು ಕಡೆ, ಸಂತರ ಹಬ್ಬಗಳದ್ದು ಇನ್ನೊಂದು ಕಡೆ. ಮಿಸಲಿಗೆ ಹೊಲಿದಿರುವ ಬಣ್ಣದ ನವಾರಗಳು ಇದಕ್ಕೇ. ಒಂದನ್ನು ನಿತ್ಯಭಾಗದ ಮೊದಲ ಪುಟಕ್ಕೆ ಹಾಕಿ, ಅದನ್ನು ಅಲ್ಲಿಂದ ತೆಗೆಯಲೇಬೇಡಿ. ಎರಡನೆಯದನ್ನು ಆ ಭಾನುವಾರದ ಪುಟಕ್ಕೆ, ಮೂರನೆಯದನ್ನು ಆ ದಿನದ ಪ್ರೆಫಾತ್ಸಿಯೋಗೆ, ಅಂದರೆ ಮಹಾಪ್ರಾರ್ಥನೆಗೆ ಮುಂಚಿನ ಸ್ತುತಿಗೆ ಹಾಕಿ. ಮೂರು ನವಾರ ಸರಿಯಾಗಿದ್ದರೆ ಪೂಜೆಯ ನಡುವೆ ಪುಟ ಹುಡುಕುವ ಕೆಲಸವೇ ಇರುವುದಿಲ್ಲ.

ಪಂಚಾಂಗ ಬೇರೆ ಎಂಬುದು ನೆನಪಿರಲಿ. ಹೊಸ ಪಂಚಾಂಗದ 'ಸಾಧಾರಣ ಕಾಲದ' ಭಾನುವಾರಗಳು ಇಲ್ಲಿಲ್ಲ. 'ಪೆಂತೆಕೋಸ್ತ್ ಆದ ಮೇಲಿನ ಇಷ್ಟನೇ ಭಾನುವಾರ' ಎಂದು ಎಣಿಸುತ್ತಾರೆ. ತಪಸ್ಸುಕಾಲಕ್ಕೆ ಮೊದಲು ಸೆಪ್ತುವಾಜೇಸಿಮಾ ಎಂಬ ಮೂರು ಭಾನುವಾರಗಳ ಸಿದ್ಧತೆಯಿದೆ. ಕ್ರಿಸ್ತರಾಜರ ಹಬ್ಬ ಅಕ್ಟೋಬರಿನ ಕೊನೆಯ ಭಾನುವಾರ. ನಮ್ಮ ದೇಶದ ಪ್ರೇಷಿತ ಸಂತ ತೋಮರ ಹಬ್ಬವನ್ನು ನಾವೀಗ ಜುಲೈ 3ಕ್ಕೆ ಆಚರಿಸುತ್ತೇವೆ, 1962ರ ಪಂಚಾಂಗದಲ್ಲಿ ಅದು ಡಿಸೆಂಬರ್ 21. ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನನದ ಹಬ್ಬ, ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ ಎರಡೂ ಪಂಚಾಂಗದಲ್ಲಿ ಒಂದೇ ದಿನ.

ವಾಚನಗಳು ಮೂರು ವರ್ಷದ ಸುತ್ತಲ್ಲ, ಪ್ರತಿವರ್ಷ ಅವೇ. ಇದು ದೊಡ್ಡ ಅನುಕೂಲ. ಆಗಮನ ಕಾಲದ ಮೊದಲ ಭಾನುವಾರಕ್ಕೆ ರೋಮನರಿಗೆ 13:11-14 ಮತ್ತು ಲೂಕ 21:25-33 ಎಂದು ನಿಮ್ಮ ಕನ್ನಡ ಬೈಬಲಿನ ಹಿಂಬದಿ ಖಾಲಿ ಪುಟದಲ್ಲಿ ಬರೆದಿಡಿ. ವಾರವಾರ ಒಂದೊಂದು ಸಾಲು ಸೇರಿಸಿದರೆ ಒಂದೇ ವರ್ಷದಲ್ಲಿ ಜೀವಮಾನಕ್ಕಾಗುವ ಪಟ್ಟಿ ಸಿದ್ಧ. ಶನಿವಾರ ರಾತ್ರಿ ಊಟಕ್ಕೆ ಮುಂಚೆ ಆ ಎರಡು ವಾಚನಗಳನ್ನು ಮನೆಮಂದಿಗೆಲ್ಲ ಕೇಳುವಂತೆ ಕನ್ನಡದಲ್ಲಿ ಓದಿ. ಮರುದಿನ ಲತೀನಿನಲ್ಲಿ ಶುಭಸಂದೇಶ ಕೇಳುವಾಗ ಮಕ್ಕಳಿಗೂ ಅದು ಅಪರಿಚಿತ ಅನ್ನಿಸುವುದಿಲ್ಲ.

ಕೀರ್ತನೆಗಳ ಸಂಖ್ಯೆಯಲ್ಲಿ ಎಚ್ಚರ ಬೇಕು. ಹಳೆಯ ಮಿಸಲು ಲತೀನ್ ಬೈಬಲಿನ ಲೆಕ್ಕ ಹಿಡಿಯುತ್ತದೆ. ಪೂಜೆಯ ಆರಂಭದ 42ನೇ ಕೀರ್ತನೆ ನಿಮ್ಮ ಕನ್ನಡ ಬೈಬಲಿನಲ್ಲಿ 43. ಕೈತೊಳೆಯುವಾಗ ಹೇಳುವ 25ನೆಯದು ನಮ್ಮಲ್ಲಿ 26.

ಇನ್ನು ಅಜ್ಜನ ಟ್ರಂಕಿನಲ್ಲಿ ಸಿಕ್ಕಿದ ಮಿಸಲ್ ಹಿಡಿದು ಹೋಗುವವರಿಗೆ: ಅಚ್ಚಾದ ವರ್ಷ ನೋಡಿ. 1955ಕ್ಕೆ ಮುಂಚಿನದಾದರೆ ಪವಿತ್ರ ವಾರದ ವಿಧಿಗಳು ಪೂರ್ತಿ ಬೇರೆ, ಎಂಟು ದಿನದ ಹಬ್ಬಗಳೂ ಹೆಚ್ಚು. ನಿತ್ಯಭಾಗ ಮಾತ್ರ ಬಹುತೇಕ ಅದೇ. ಉಳಿದ ಭಾನುವಾರಗಳಿಗೆ ಧಾರಾಳವಾಗಿ ಬಳಸಿ.

ಚರ್ಚಿನ ಬಾಗಿಲಲ್ಲಿ

ಪರಮಪ್ರಸಾದ ಸ್ವೀಕರಿಸುವುದಾದರೆ ಈಗಿನ ಕಾನೂನಿನ ಪ್ರಕಾರ ಸ್ವೀಕರಿಸುವ ಮುಂಚೆ ಕನಿಷ್ಠ ಒಂದು ಗಂಟೆ ಉಪವಾಸ. ನೀರು, ಔಷಧಿಗೆ ಅಡ್ಡಿಯಿಲ್ಲ. 1957ರಿಂದ ಇದ್ದ ಮೂರು ಗಂಟೆಯ ನಿಯಮವನ್ನು ಹಲವರು ಸ್ವಇಚ್ಛೆಯಿಂದ ಪಾಲಿಸುತ್ತಾರೆ, ಕಡ್ಡಾಯವಲ್ಲ. ಗಂಭೀರ ಪಾಪದ ಅರಿವಿದ್ದರೆ ಪಾಪನಿವೇದನೆ ಮಾಡಿಯೇ ಮುಂದಕ್ಕೆ ಹೋಗಬೇಕು. ಹಲವು ಕಡೆ ಪೂಜೆಗೆ ಅರ್ಧ ಗಂಟೆ ಮುಂಚೆ ಗುರುಗಳು ಪಾಪನಿವೇದನೆಗೆ ಕೂತಿರುತ್ತಾರೆ. ಹೆಂಗಸರು ತಲೆಗೆ ಬಟ್ಟೆ ಹಾಕುವುದು 1917ರ ಕಾನೂನು ಸಂಹಿತೆಯಲ್ಲಿತ್ತು, 1983ರದ್ದರಲ್ಲಿಲ್ಲ. ಆದರೂ ಈ ಪೂಜೆಯಲ್ಲಿ ವಾಡಿಕೆಯಾಗಿ ಉಳಿದಿದೆ. ಕಸೂತಿಯ ಜಾಲರಿ ಕೊಳ್ಳಬೇಕೆಂದೇನಿಲ್ಲ, ಸೀರೆಯ ಸೆರಗು ಅಥವಾ ದುಪಟ್ಟಾ ಸಾಕು.

ಒಳಗೆ ಕಾಲಿಟ್ಟ ಕೂಡಲೇ ಪೀಠದ ಮೇಲೆ ಎಷ್ಟು ಮೇಣದಬತ್ತಿ ಹಚ್ಚಿದ್ದಾರೆ ನೋಡಿ. ಎರಡಾದರೆ ಸಾದಾ ಪೂಜೆ: ಎಲ್ಲ ಓದುವುದೇ, ಪ್ರಬೋಧನೆ ಇಲ್ಲದ ದಿನ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಆರಾದರೆ ಸಾಮಾನ್ಯವಾಗಿ ಗಾಯನ ಬಲಿಪೂಜೆ, ಒಂದೂಕಾಲು ಗಂಟೆಯಾದರೂ ಬೇಕು. ಹಬ್ಬದ ಆಮಂತ್ರಣ ಪತ್ರಿಕೆಯಲ್ಲಿ ನಾವಿಂದೂ ಅಚ್ಚು ಹಾಕಿಸುವ 'ಆಡಂಬರ ಗಾಯನ ಬಲಿಪೂಜೆ'ಗೆ ಮೂಲ ಇದೇ.

ಮೊದಲ ಸಾಲಿನಲ್ಲಿ ಕೂರಬೇಡಿ. ಯಾವಾಗ ಏಳಬೇಕು, ಯಾವಾಗ ಮಂಡಿಯೂರಬೇಕು ಎಂದು ನೋಡಿ ಕಲಿಯಲು ನಿಮ್ಮ ಮುಂದೆ ಜನ ಬೇಕು. ನಾಲ್ಕನೇ ಐದನೇ ಸಾಲು, ನಡುದಾರಿಯ ಬದಿ ಒಳ್ಳೆಯದು. ಪೀಠವೂ ಕಾಣುತ್ತದೆ, ಪಳಗಿದವರ ಬೆನ್ನೂ ಕಾಣುತ್ತದೆ. ಭಕ್ತರು ಏಳುವ ಕೂರುವ ವಿಚಾರದಲ್ಲಿ ಸಾದಾ ಪೂಜೆಗೆ ಎಲ್ಲರನ್ನೂ ಕಟ್ಟಿಹಾಕುವ ಒಂದೇ ನಿಯಮ ಇಲ್ಲ, ಊರೂರಿನ ವಾಡಿಕೆ. ನಿಮ್ಮ ಪುಸ್ತಕ ಒಂದು ಹೇಳಿ ಸುತ್ತಲಿನವರು ಇನ್ನೊಂದು ಮಾಡಿದರೆ ಸುತ್ತಲಿನವರ ಹಾಗೇ ಮಾಡಿ.

ಎಲ್ಲಿದ್ದೇವೆ ಎಂದು ತಿಳಿಯಲು ಮೂರು ಗುರುತು

ಪುಸ್ತಕ, ಮುಸುಕು, ಗಂಟೆ. ಈ ಮೂರನ್ನು ಗಮನಿಸಲು ಕಲಿತರೆ ಒಂದಕ್ಷರ ಕೇಳಿಸದಿದ್ದರೂ ದಾರಿ ತಪ್ಪುವುದಿಲ್ಲ. ಮೊದಲ ಭಾನುವಾರ ಮಿಸಲನ್ನು ಮುಚ್ಚಿಟ್ಟು ಇಷ್ಟನ್ನೇ ನೋಡಿ ಎಂಬುದು ನಮ್ಮ ಗಟ್ಟಿ ಸಲಹೆ.

ಪೀಠದ ಮೇಲಿನ ದೊಡ್ಡ ಪೂಜಾಪುಸ್ತಕ ಮೊದಲು ನಿಮ್ಮ ಬಲಗಡೆ ಇರುತ್ತದೆ. ಪ್ರವೇಶ ಗೀತೆಯಿಂದ ಪತ್ರದ ವಾಚನ ಮುಗಿಯುವ ತನಕ ಅಲ್ಲೇ. ಪೀಠಬಾಲಕ ಅದನ್ನು ಎತ್ತಿ ಎಡಕ್ಕೆ ಒಯ್ದರೆ ಶುಭಸಂದೇಶದ ಹೊತ್ತು, ಎದ್ದು ನಿಲ್ಲಿ. ಅರ್ಪಣೆ, ಮಹಾಪ್ರಾರ್ಥನೆ, ಪರಮಪ್ರಸಾದ ಮುಗಿಯುವವರೆಗೂ ಪುಸ್ತಕ ಎಡದಲ್ಲೇ. ಮತ್ತೆ ಬಲಕ್ಕೆ ಬಂದರೆ ಕೊನೆಯ ಪ್ರಾರ್ಥನೆಗಳು ಶುರುವಾದವು ಎಂದರ್ಥ.

ಪೂಜಾಪಾತ್ರೆಯ ಮೇಲೆ ಆ ದಿನದ ಬಣ್ಣದ ಮುಸುಕು ಇರುತ್ತದೆ. ಮುಸುಕು ತೆಗೆದರೆ ಅರ್ಪಣೆ ಆರಂಭ. ಪಾತ್ರೆ ತೊಳೆದು ಮತ್ತೆ ಮುಸುಕು ಹಾಕಿದರೆ ಬಲಿ ಮುಗಿದಿದೆ.

ಗಂಟೆ ಸಾಮಾನ್ಯವಾಗಿ ಹೀಗೆ: 'ಸಾಂಕ್ತುಸ್' (ಪವಿತ್ರರು) ಎಂದಾಗ ಮೂರು ಸಲ. ಗುರುಗಳು ಎರಡೂ ಅಂಗೈಗಳನ್ನು ಕಾಣಿಕೆಯ ಮೇಲೆ ಚಾಚಿದಾಗ ಒಂದು ಸಲ. ಪರಮಪ್ರಸಾದಕ್ಕೆ ಮಂಡಿಯೂರಿದಾಗ, ಎತ್ತಿದಾಗ, ಮತ್ತೆ ಮಂಡಿಯೂರಿದಾಗ ಒಂದೊಂದು ಸಲ, ಪಾತ್ರೆಗೂ ಹಾಗೆಯೇ. ಕೊನೆಗೆ 'ದೋಮಿನೆ ನೋನ್ ಸುಮ್ ದೀನ್ಯುಸ್' (ಪ್ರಭುವೇ, ನಾನು ಯೋಗ್ಯನಲ್ಲ) ಎನ್ನುವಾಗ ಮೂರು ಸಲ.

ಪೂಜೆಯ ಹಾದಿ

ಆರಂಭದಲ್ಲಿ ಗುರುಗಳು ಪೀಠದ ಮೆಟ್ಟಿಲ ಕೆಳಗೇ ನಿಲ್ಲುತ್ತಾರೆ. ಶಿಲುಬೆ ಗುರುತು ಹಾಕಿ ಪೀಠಬಾಲಕರ ಜತೆ 42ನೇ ಕೀರ್ತನೆಯನ್ನು ಸಾಲು ಬಿಟ್ಟು ಸಾಲು ಹೇಳಿ, ಬಾಗಿ ತಮ್ಮ ಪಾಪ ಒಪ್ಪಿಕೊಳ್ಳುತ್ತಾರೆ. ಆಮೇಲೆ ನಮ್ಮೆಲ್ಲರ ಪರವಾಗಿ ಬಾಲಕರು ಅದನ್ನೇ ಹೇಳುತ್ತಾರೆ. ಗುರುಗಳು ಮೊದಲು, ನಾವು ಆಮೇಲೆ: ಈ ಕ್ರಮವನ್ನು ಗಮನಿಸಿ. 'ಮೇಯಾ ಕುಲ್ಪಾ, ಮೇಯಾ ಕುಲ್ಪಾ, ಮೇಯಾ ಮಾಕ್ಸಿಮಾ ಕುಲ್ಪಾ' ಎಂಬಲ್ಲಿ ಮೂರು ಸಲ ಎದೆ ತಟ್ಟಿಕೊಳ್ಳಿ. ನಂತರದ 'ಇಂದುಲ್ಜೆಂತ್ಸಿಯಾಮ್' ಪ್ರಾರ್ಥನೆಗೆ ಶಿಲುಬೆ ಗುರುತು. ಈ ಹೊತ್ತಿಗೆ ಮಂಡಿಯೂರಿಯೇ ಇರುತ್ತೀರಿ.

ಗುರುಗಳು ಮೇಲೇರಿ ಬಲಗಡೆ ಪ್ರವೇಶ ಗೀತೆ ಓದಿ, ನಡುವೆ ಬಂದು 'ಕೀರಿಯೆ' (ಪ್ರಭುವೇ, ಕರುಣಿಸಿ) ಹೇಳುತ್ತಾರೆ. ಇದು ಒಂಬತ್ತು ಸಲ: ಮೂರು ಕೀರಿಯೆ, ಮೂರು ಕ್ರೀಸ್ತೆ, ಮತ್ತೆ ಮೂರು ಕೀರಿಯೆ. ಗ್ಲೋರಿಯಾ ಎಂಬ ಮಹಿಮೆಯ ಗೀತೆ ಇರುವ ದಿನ ಯೇಸುವಿನ ಹೆಸರು ಬಂದಾಗ ತಲೆ ಬಾಗಿಸಿ, ಕೊನೆಯಲ್ಲಿ ಶಿಲುಬೆ ಗುರುತು ಹಾಕಿ. ಆ ದಿನದ ಪ್ರಾರ್ಥನೆ, ಪತ್ರದ ವಾಚನ, ಅದರ ನಂತರದ ಕೀರ್ತನೆಗಳಿಗೆ ಎರಡನೇ ನವಾರದ ಪುಟ. ಶುಭಸಂದೇಶಕ್ಕೆ ಎದ್ದು ಹೆಬ್ಬೆರಳಿನಿಂದ ಹಣೆ, ತುಟಿ, ಎದೆಗೆ ಪುಟ್ಟ ಶಿಲುಬೆಗಳು. ಇದು ನಿಮಗೆ ಕನ್ನಡ ಪೂಜೆಯಿಂದಲೇ ಗೊತ್ತು. ವಾಚನಗಳನ್ನು ಜನರ ಭಾಷೆಯಲ್ಲೂ ಓದುತ್ತಾರೆ. 2021ರ ಆದೇಶ ಅದನ್ನು ಕೇಳುತ್ತದೆ.

ವಿಶ್ವಾಸ ಪ್ರಮಾಣದಲ್ಲಿ ಒಂದೇ ಒಂದು ಜಾಗ ತಪ್ಪಿಸಬೇಡಿ: 'ಎತ್ ಇಂಕಾರ್ನಾತುಸ್ ಎಸ್ತ್' ಎಂಬಲ್ಲಿ ಎಲ್ಲರೂ ಮಂಡಿಯೂರುತ್ತಾರೆ. ದೇವರು ಮನುಷ್ಯನಾದ ಮಾತು ಅದು.

ಇಲ್ಲಿಂದ ಅರ್ಪಣೆ. ಕೂತುಕೊಳ್ಳಿ, ಮೈಗೆ ವಿಶ್ರಾಂತಿ ಇರಲಿ, ಮನಸ್ಸಿಗೆ ಬೇಡ. ಪೂಜೆಯಲ್ಲಿ ನಿಮ್ಮ ನಿಜವಾದ ಕೆಲಸ ಶುರುವಾಗುವುದು ಈ ಜಾಗದಲ್ಲಿ. ಗುರುಗಳು ತಟ್ಟೆಯ ಮೇಲೆ ಬಿಳಿ ರೊಟ್ಟಿ ಎತ್ತಿ ಹಿಡಿದಾಗ ಯಾರಿಗಾಗಿ ಈ ಪೂಜೆ ಅರ್ಪಿಸುತ್ತೀರೋ ಆ ಹೆಸರುಗಳನ್ನು ಅದರ ಮೇಲಿಡಿ: ಆಸ್ಪತ್ರೆಯಲ್ಲಿರುವ ಅತ್ತೆ, ಕೆಲಸವಿಲ್ಲದ ತಮ್ಮ, ತೀರಿಕೊಂಡ ಅಪ್ಪ. ಪಾತ್ರೆಯ ದ್ರಾಕ್ಷಾರಸಕ್ಕೆ ಗುರುಗಳು ಒಂದೆರಡು ತೊಟ್ಟು ನೀರು ಬೆರೆಸುತ್ತಾರೆ. ಆ ತೊಟ್ಟು ನೀರು ನಾವು. ರಸದಲ್ಲಿ ಬೆರೆತ ಮೇಲೆ ಅದನ್ನು ಬೇರ್ಪಡಿಸಲು ಬರುವುದಿಲ್ಲ. ಕೈತೊಳೆದು ಗುರುಗಳು ನಮ್ಮತ್ತ ತಿರುಗಿ 'ಓರಾತೆ ಫ್ರಾತ್ರೆಸ್' ಎಂದು ಕರೆದು, ನನ್ನದೂ ನಿಮ್ಮದೂ ಆದ ಈ ಬಲಿ ದೇವರಿಗೆ ಮೆಚ್ಚುಗೆಯಾಗುವಂತೆ ಪ್ರಾರ್ಥಿಸಿ ಎನ್ನುತ್ತಾರೆ. 'ನಿಮ್ಮದೂ' ಎಂಬ ಆ ಮಾತೇ ಶ್ರೀಸಾಮಾನ್ಯರ ಪಾಲು.

ಸಾಂಕ್ತುಸ್ ಗಂಟೆಗೆ ಮಂಡಿಯೂರಿದರೆ ಮಹಾಪ್ರಾರ್ಥನೆ, ಅದರ ಹೆಸರು ಕಾನೋನ್. ಪೂರ್ತಿ ಪಿಸುಮಾತಿನಲ್ಲಿ. ಇಲ್ಲೇ ಹೆಚ್ಚಿನವರು ಗಾಬರಿಬಿದ್ದು ಪುಟ ತಿರುವುತ್ತಾರೆ. ಬೇಡ. ಮೊದಲು ಬದುಕಿರುವವರ ನೆನಪು. ಗುರುಗಳು ಕೈಮುಗಿದು ಅರೆಘಳಿಗೆ ಸುಮ್ಮನೆ ನಿಲ್ಲುತ್ತಾರೆ, ನೀವೂ ಹೆಸರುಗಳನ್ನು ನೆನೆಯಿರಿ. ನಂತರ ಸಂತರ ಸಾಲು. ಅದರಲ್ಲಿ ಸಂತ ಜೋಸೆಫರ ಹೆಸರನ್ನು 23ನೇ ಜಾನ್ 1962ರಲ್ಲೇ ಸೇರಿಸಿದ್ದು. ಒಂಟಿ ಗಂಟೆ ಕೇಳಿದ ಮೇಲೆ ಪುಸ್ತಕ ಮುಚ್ಚಿ ಪೀಠವನ್ನೇ ನೋಡಿ. ಗುರುಗಳು ಪೀಠದ ಮೇಲೆ ಬಾಗುತ್ತಾರೆ, ಬಾಲಕ ಅವರ ಪೂಜಾವಸ್ತ್ರದ ಅಂಚನ್ನು ತುಸು ಎತ್ತಿ ಹಿಡಿಯುತ್ತಾನೆ. ಪರಮಪ್ರಸಾದವನ್ನು ಎತ್ತಿದಾಗ ತಲೆ ತಗ್ಗಿಸಿಕೊಂಡೇ ಇರಬೇಡಿ, ಕಣ್ಣೆತ್ತಿ ನೋಡಿ. ಎತ್ತಿ ತೋರಿಸುವುದೇ ನೀವು ನೋಡಲೆಂದು. ಮನಸ್ಸಿನಲ್ಲೇ ಸಂತ ತೋಮರ ಮಾತು ಹೇಳಿ: ನನ್ನ ಪ್ರಭುವೇ, ನನ್ನ ದೇವರೇ. ಆಮೇಲೆ ತಲೆಬಾಗಿ.

ಇದಾದ ಮೇಲೆ ಗುರುಗಳ ಬೆರಳುಗಳನ್ನು ನೋಡಿ. ಎರಡೂ ಕೈಯ ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ಅಂಟಿದಂತೆ ಕೂಡಿಕೊಂಡೇ ಇರುತ್ತವೆ. ಪರಮಪ್ರಸಾದ ಮುಟ್ಟುವ ಹೊತ್ತಿಗಷ್ಟೇ ಬಿಡಿಸುತ್ತಾರೆ, ಕೊನೆಗೆ ಪಾತ್ರೆಯ ಮೇಲೆ ಬೆರಳು ತೊಳೆಯುವ ತನಕ ಹಾಗೇ. ಒಂದು ಕಣವೂ ಉದುರಬಾರದೆಂಬ ಎಚ್ಚರ ಅದು. ಯಾವ ಪ್ರಬೋಧನೆಗಿಂತಲೂ ಹೆಚ್ಚಾಗಿ ಈ ಬೆರಳುಗಳು ಪರಮಪ್ರಸಾದ ಏನೆಂಬುದನ್ನು ಕಲಿಸುತ್ತವೆ.

ತೀರಿಕೊಂಡವರ ನೆನಪಾದ ಮೇಲೆ 'ನೋಬಿಸ್ ಕ್ವೋಕ್ವೆ ಪೆಕ್ಕಾತೋರಿಬುಸ್' ಎಂಬ ಮೂರು ಪದ ಮಾತ್ರ ಕೇಳಿಸುತ್ತವೆ, ಗುರುಗಳು ಎದೆ ತಟ್ಟಿಕೊಳ್ಳುತ್ತಾರೆ. ದಾರಿ ತಪ್ಪಿದ್ದವರು ಅಲ್ಲಿ ಮತ್ತೆ ಸೇರಿಕೊಳ್ಳಬಹುದು. ಮುಂದೆ 'ಪೇರ್ ಓಮ್ನಿಯಾ ಸೇಕುಲಾ ಸೇಕುಲೋರುಮ್' ಎಂದು ದನಿಯೆತ್ತಿದರೆ 'ಆಮೆನ್'. ಕಾನೋನಿನ ಅಷ್ಟೂ ಮೌನಕ್ಕೆ ನಾವು ಹಾಕುವ ಒಪ್ಪಿಗೆ ಆ ಒಂದು ಪದ. ಗಟ್ಟಿಯಾಗಿ ಹೇಳಿ.

'ಪಾತೆರ್ ನೋಸ್ತೆರ್', ಅಂದರೆ ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆ, ಬಂದಾಗ ಕನ್ನಡದ ಅಭ್ಯಾಸಬಲದಿಂದ ಎಲ್ಲರೂ ಕೂಡಿ ಶುರುಮಾಡಬೇಡಿ. ಸಾಮಾನ್ಯವಾಗಿ ಗುರುಗಳೊಬ್ಬರೇ ಹೇಳಿ, ಕೊನೆಯ ಸಾಲು ನಮಗೆ ಬಿಡುತ್ತಾರೆ. 1958ರ ರೋಮಿನ ಸೂಚನೆ ಸಾದಾ ಪೂಜೆಯಲ್ಲಿ ಎಲ್ಲರೂ ಲತೀನಿನಲ್ಲಿ ಕೂಡಿ ಹೇಳಲು ಅವಕಾಶ ಕೊಟ್ಟಿದೆ, ಆ ವಾಡಿಕೆ ಇರುವ ಕಡೆ ಮಾತ್ರ ಸೇರಿಕೊಳ್ಳಿ. ಶಾಂತಿಯ ಕೈಕುಲುಕುವಿಕೆ ಇಲ್ಲ. ಆನ್ಯುಸ್ ದೇಯಿಗೆ, ಅಂದರೆ 'ದೇವರ ಕುರಿಮರಿ' ಪ್ರಾರ್ಥನೆಗೆ, ಮೂರು ಸಲ ಎದೆ ತಟ್ಟಿಕೊಳ್ಳುವುದು.

ಪರಮಪ್ರಸಾದ ಸ್ವೀಕರಿಸುವಾಗ

ಗುರುಗಳು ಮೊದಲು ತಾವು ಸ್ವೀಕರಿಸುತ್ತಾರೆ. ನಂತರ ನಮ್ಮತ್ತ ತಿರುಗಿ 'ಎಕ್ಚೆ ಆನ್ಯುಸ್ ದೇಯಿ' ಎಂದು ತೋರಿಸಿದಾಗ ಎಲ್ಲರೂ ಮೂರು ಸಲ 'ದೋಮಿನೆ ನೋನ್ ಸುಮ್ ದೀನ್ಯುಸ್' ಹೇಳುತ್ತಾರೆ. ಕಫೆರ್ನವುಮಿನ ಶತಾಧಿಪತಿಯ ಮಾತು, ಮತ್ತಾಯ 8:8. ಇದಕ್ಕೆ ಮುಂಚೆ ಇನ್ನೊಮ್ಮೆ ಪಾಪನಿವೇದನೆಯ ಪ್ರಾರ್ಥನೆ ಹೇಳುವುದನ್ನು 1960ರ ನಿಯಮಗಳು ತೆಗೆದುಹಾಕಿದರೂ ಹಲವು ಕಡೆ ಉಳಿದಿದೆ. ಕೇಳಿಬಂದರೆ ಗೊಂದಲ ಬೇಡ.

ಪೀಠದ ಮುಂದಿನ ಕಟಕಟೆಗೆ ಹೋಗಿ ಮಂಡಿಯೂರಿ. ಗುರುಗಳು ಸಾಲಿನುದ್ದಕ್ಕೂ ತಾವೇ ಬರುತ್ತಾರೆ. ಬಾಲಕ ಗದ್ದದ ಕೆಳಗೆ ತಟ್ಟೆ ಹಿಡಿಯುತ್ತಾನೆ. ತಲೆಯನ್ನು ತುಸು ಹಿಂದಕ್ಕೆ ವಾಲಿಸಿ, ಬಾಯಿ ಚೆನ್ನಾಗಿ ತೆರೆದು, ನಾಲಿಗೆಯನ್ನು ಕೆಳದುಟಿಯ ಮೇಲೆ ಚಾಚಿ ಅಲುಗದೆ ಇರಿ. ತಪ್ಪಾಗುವುದು ಮೂರು ಕಡೆ. ಭಕ್ತಿಯಿಂದ ತಲೆ ತಗ್ಗಿಸಿದರೆ ಗುರುಗಳ ಬೆರಳು ಹಲ್ಲಿಗೆ ತಾಗುತ್ತದೆ. ಮುಂದಕ್ಕೆ ಬಾಗಿ ಬಾಯಲ್ಲಿ ಹಿಡಿಯಲು ಹೋದರೆ ಪರಮಪ್ರಸಾದ ಜಾರುತ್ತದೆ. ಸ್ವೀಕರಿಸಿದ ಕೂಡಲೇ ಶಿಲುಬೆ ಗುರುತು ಹಾಕಲು ಕೈಯೆತ್ತಿದರೆ ಮೊಣಕೈ ತಟ್ಟೆಗೋ ಪಾತ್ರೆಗೋ ಬಡಿಯುತ್ತದೆ. ಜಾಗಕ್ಕೆ ಮರಳಿ ಹಾಕಿಕೊಳ್ಳಿ. ಮತ್ತೆ, 'ಆಮೆನ್' ಹೇಳಬೇಡಿ. 'ಈ ಶರೀರ ನಿನ್ನ ಆತ್ಮವನ್ನು ನಿತ್ಯಜೀವಕ್ಕೆ ಕಾಪಾಡಲಿ' ಎಂಬ ಅರ್ಥದ ಆಶೀರ್ವಾದವನ್ನು ಗುರುಗಳೇ 'ಆಮೆನ್' ಸಮೇತ ಹೇಳಿರುತ್ತಾರೆ. ಮಂಡಿನೋವಿನವರು ನಿಂತೇ ಸ್ವೀಕರಿಸಬಹುದು, ಯಾರೂ ತಪ್ಪು ತಿಳಿಯುವುದಿಲ್ಲ.

'ಈತೆ, ಮಿಸ್ಸಾ ಎಸ್ತ್' ಎಂದರೆ ಹೊರಡಲು ಅನುಮತಿ. ಮಂಗಳೂರಿನ ಕೊಂಕಣಿಯವರು ಪೂಜೆಗೆ 'ಮೀಸ್' ಎನ್ನುವುದು ಈ 'ಮಿಸ್ಸಾ'ದಿಂದಲೇ ಬಂದದ್ದು. ಆದರೆ ಹೊರಡಬೇಡಿ: ಆಶೀರ್ವಾದಕ್ಕೆ ಮಂಡಿಯೂರಿ, ನಂತರ ಎದ್ದು ಯೊವಾನ್ನನ ಶುಭಸಂದೇಶದ ಮೊದಲ ಹದಿನಾಲ್ಕು ವಚನ ಕೇಳಬೇಕು. 'ಎತ್ ವೆರ್ಬುಮ್ ಕಾರೋ ಫಾಕ್ತುಮ್ ಎಸ್ತ್' ಎಂಬಲ್ಲಿ ಮತ್ತೊಮ್ಮೆ ಮಂಡಿ. ಸಾದಾ ಪೂಜೆಯಾದರೆ ಕೊನೆಗೆ ಮೂರು ನಮೋ ಮರಿಯ ಜಪ, ಮರಿಯಮ್ಮನವರ ಸ್ತುತಿಯಾದ ಸಾಲ್ವೆ ರೆಜೀನಾ, ಸಂತ ಮಿಕೇಲರ ಪ್ರಾರ್ಥನೆ. ಪೋಪ್ ಹದಿಮೂರನೇ ಲಿಯೋ 1884ರಲ್ಲಿ ಎಲ್ಲ ಕಡೆಗೂ ಆದೇಶಿಸಿ, ಎರಡು ವರ್ಷದ ಮೇಲೆ ಮಿಕೇಲರದ್ದನ್ನು ಸೇರಿಸಿದ ಜಪಗಳಿವು.

ಉತ್ತರಗಳು, ಕನ್ನಡದ ನಾಲಿಗೆಗೆ

ಉತ್ತರ ಕೊಡುವುದರಲ್ಲಿ ಮೆಟ್ಟಿಲುಗಳಿವೆ. 1958ರ ಸೂಚನೆ ಸಾದಾ ಪೂಜೆಗೆ ನಾಲ್ಕು ಹಂತ ಹೇಳುತ್ತದೆ: ಸಣ್ಣ ಉತ್ತರಗಳು, ಪೀಠಬಾಲಕನ ಭಾಗ, ಗ್ಲೋರಿಯಾ ವಿಶ್ವಾಸ ಪ್ರಮಾಣದಂಥ ನಿತ್ಯಭಾಗ, ಕೊನೆಗೆ ದಿನದ ಗೀತೆಗಳು. ಮೊದಲ ಹಂತ ಬಂದರೆ ಸಾಕು, ಎಂಟು ವಾಕ್ಯ:

ಆಮೆನ್
ಎತ್ ಕುಮ್ ಸ್ಪೀರಿತು ತೂವೋ
ದೇಯೋ ಗ್ರಾತ್ಸಿಯಾಸ್
ಗ್ಲೋರಿಯಾ ತೀಬಿ, ದೋಮಿನೆ
ಲಾವುಸ್ ತೀಬಿ, ಕ್ರೀಸ್ತೆ
ಅಬೇಮುಸ್ ಆದ್ ದೋಮಿನುಮ್
ದೀನ್ಯುಮ್ ಎತ್ ಯೂಸ್ತುಮ್ ಎಸ್ತ್
ಸೆದ್ ಲೀಬೆರಾ ನೋಸ್ ಆ ಮಾಲೋ

ಪತ್ರದ ವಾಚನಕ್ಕೆ 'ದೇಯೋ ಗ್ರಾತ್ಸಿಯಾಸ್', ಶುಭಸಂದೇಶಕ್ಕೆ 'ಲಾವುಸ್ ತೀಬಿ'. ಇವೆರಡು ಅದಲುಬದಲಾಗುವುದೇ ಹೆಚ್ಚು. ಕೊನೆಯ ಶುಭಸಂದೇಶಕ್ಕೆ ಮಾತ್ರ 'ದೇಯೋ ಗ್ರಾತ್ಸಿಯಾಸ್'.

ಉಚ್ಚಾರಣೆಯಲ್ಲಿ ಕನ್ನಡಿಗರಿಗೆ ಇಂಗ್ಲಿಷಿನವರಿಗಿಂತ ಅನುಕೂಲ ಹೆಚ್ಚು. ಲತೀನಿನ ತ, ದ ನಮ್ಮ ತ, ದಗಳೇ. ಶಾಲೆಯ ಇಂಗ್ಲಿಷಿನ ಟ, ಡ ತರಬೇಡಿ. 'ಯೇಸು' ಎಂಬ ಹೆಸರನ್ನೂ ನಾವು ಹೇಳುವ ಹಾಗೇ ಯಕಾರದಿಂದ ಹೇಳುತ್ತಾರೆ. ಹಕಾರ ಉಚ್ಚರಿಸುವುದಿಲ್ಲ: ಒಸಾನ್ನಾ. 'ಇನ್ ಎಕ್ಶೆಲ್ಸಿಸ್', 'ಚೇಲಿಸ್', 'ಆನ್ಯುಸ್' ಇವನ್ನು ಕೇಳಿಯೇ ಕಲಿಯಿರಿ. ನಮ್ಮ ತೊಂದರೆಗಳು ಬೇರೆ. ಪದದ ಕೊನೆಗೆ ಉಕಾರ ಅಂಟಿಸುವುದು ಒಂದು: 'ಎತ್ತು ಕುಮ್ಮು' ಆಗಿಬಿಡುತ್ತದೆ. ಪದದ ಮೊದಲಿಗೆ ಯ, ವ ಸೇರಿಸುವುದು ಇನ್ನೊಂದು: 'ಎತ್' ಹೋಗಿ 'ಯೆತ್', 'ಒರೇಮುಸ್' ಹೋಗಿ 'ವೊರೇಮುಸ್'. ದೀರ್ಘ ಎಲ್ಲಿದೆಯೋ ಅಲ್ಲೇ ಒತ್ತು: ದೋಮಿನುಸ್, ದೊಮೀನುಸ್ ಅಲ್ಲ.

ಉತ್ತರ ಕೊಡುವ ವಾಡಿಕೆ ಇಲ್ಲದ ಕಡೆ ನೀವೊಬ್ಬರೇ ಗಟ್ಟಿಯಾಗಿ ಹೇಳಲು ಹೋಗಬೇಡಿ, ತುಟಿಯಲ್ಲೇ ಹೇಳಿಕೊಳ್ಳಿ.

ಗಾಯನ ಪೂಜೆಯಲ್ಲಿ ಬೇರೆ ಏನು

ಭಾನುವಾರದ ಮುಖ್ಯ ಪೂಜೆಗೆ ಮೊದಲು ತೀರ್ಥ ಪ್ರೋಕ್ಷಣೆ, ಹನಿ ಬಿದ್ದಾಗ ಶಿಲುಬೆ ಗುರುತು. ಗುರುಗಳು ಗ್ಲೋರಿಯಾ, ವಿಶ್ವಾಸ ಪ್ರಮಾಣಗಳನ್ನು ತಾವು ಹೇಳಿ ಮುಗಿಸಿ ಕೂತರೆ ನೀವೂ ಕೂರಬಹುದು, ಗಾಯಕರು ಹಾಡುತ್ತಲೇ ಇರುತ್ತಾರೆ. ಇಲ್ಲಿ ಪುಸ್ತಕ ಹಿಡಿದವರಿಗೆ ಬೇರೆ ಕಷ್ಟ: ಗಾಯಕರು ಸಾಂಕ್ತುಸ್ ಹಾಡುತ್ತಿರುವಾಗಲೇ ಗುರುಗಳು ಕಾನೋನಿನಲ್ಲಿ ಮುಂದೆ ಹೋಗಿರುತ್ತಾರೆ. ಹಾಡು ಒಂದು ಕಡೆ, ಪೀಠ ಒಂದು ಕಡೆ. ಅದು ತಪ್ಪಲ್ಲ, ಕ್ರಮವೇ ಹಾಗೆ. ಒಂದನ್ನು ಹಿಡಿಯಿರಿ.

ಹಾಡಲು ಕಲಿಯುವುದಾದರೆ 'ದೇ ಆಂಜೆಲಿಸ್' ಎಂದು ಹೆಸರಾದ ಎಂಟನೇ ಪೂಜಾರಾಗ ಮತ್ತು ಮೂರನೇ ಕ್ರೇದೋದಿಂದ (ವಿಶ್ವಾಸ ಪ್ರಮಾಣದ ರಾಗ) ಶುರುಮಾಡಿ, ಹೆಚ್ಚಿನ ಕಡೆ ಅವೇ ನಡೆಯುತ್ತವೆ. ತಾಳ ಹಾಕಬೇಡಿ. ಗ್ರೆಗೋರಿಯನ್ ಗಾನಕ್ಕೆ ತಾಳವಿಲ್ಲ, ಉಸಿರು ಮತ್ತು ಪದದ ಒತ್ತು ಮಾತ್ರ. ಪಕ್ಕದವರ ದನಿ ನಿಮಗೆ ಕೇಳಿಸದಿದ್ದರೆ ನಿಮ್ಮ ದನಿ ಹೆಚ್ಚಾಗಿದೆ ಎಂದು ತಿಳಿಯಿರಿ.

ಸತ್ತವರ ಪೂಜೆಯಲ್ಲಿ ಕಪ್ಪು ಪೂಜಾವಸ್ತ್ರ. ಆರಂಭದ ಕೀರ್ತನೆ, ಗ್ಲೋರಿಯಾ, ವಿಶ್ವಾಸ ಪ್ರಮಾಣ, ಕೊನೆಯ ಆಶೀರ್ವಾದ ಇರುವುದಿಲ್ಲ. ಆನ್ಯುಸ್ ದೇಯಿಯಲ್ಲಿ 'ನಮಗೆ ಕರುಣೆ' ಬದಲು 'ಅವರಿಗೆ ವಿಶ್ರಾಂತಿ' ಎಂದು ಬರುತ್ತದೆ, ಎದೆ ತಟ್ಟಿಕೊಳ್ಳುವುದಿಲ್ಲ. ಕೊನೆಗೆ 'ರೆಕ್ವಿಯೆಸ್ಕಾಂತ್ ಇನ್ ಪಾಚೆ' ಎಂದರೆ ಉತ್ತರ 'ಆಮೆನ್'.

ಮಕ್ಕಳಿಗೆ ಪುಸ್ತಕ ಕೊಡಬೇಡಿ, ಕೆಲಸ ಕೊಡಿ: ಗಂಟೆ ಎಷ್ಟು ಸಲ ಬಾರಿಸಿತು, ಪುಸ್ತಕ ಎಷ್ಟು ಸಲ ಜಾಗ ಬದಲಿಸಿತು ಎಣಿಸಲಿ. ಹಾಲುಗೂಸು ಅತ್ತರೆ ಕಾನೋನ್ ಶುರುವಾಗುವ ಮುಂಚೆಯೇ ಹೊರಗೆ ಕರೆದೊಯ್ಯಿರಿ, ಸಮಾಧಾನವಾದ ಮೇಲೆ ಮತ್ತೆ ಬನ್ನಿ.

ಹತ್ತಿರದಲ್ಲಿ ಹಳೆಯ ಪೂಜೆ ಇಲ್ಲದವರಿಗೆ

ಪೋಪ್ ಆರನೇ ಪೌಲ್ 1974ರಲ್ಲಿ ಎಲ್ಲ ಧರ್ಮಾಧ್ಯಕ್ಷರಿಗೆ 'ಯುಬಿಲಾತೆ ದೇಯೋ' ಎಂಬ ಸರಳ ಲತೀನ್ ಗೀತೆಗಳ ಪುಟ್ಟ ಸಂಗ್ರಹ ಕಳಿಸಿದ್ದರು, ಪ್ರತಿಯೊಬ್ಬ ಕಥೋಲಿಕನಿಗೂ ಇಷ್ಟಾದರೂ ಬರಲಿ ಎಂದು. ಅದರಿಂದ ತಿಂಗಳಿಗೊಂದು ಕಲಿಯಿರಿ. ಮೊದಲು ಕೀರಿಯೆ, ಅದಾದ ಮೇಲೆ ಸಾಂಕ್ತುಸ್ ಮತ್ತು ಆನ್ಯುಸ್ ದೇಯಿ, ಆಮೇಲೆ ಪಾತೆರ್ ನೋಸ್ತೆರ್. ಸಾಲ್ವೆ ರೆಜೀನಾದ ಸರಳ ರಾಗವನ್ನು ರಾತ್ರಿ ಜಪಸರ ಮುಗಿದ ಮೇಲೆ, ಮಕ್ಕಳು ಹಾಸಿಗೆಗೆ ಹೋಗುವ ಮುಂಚೆ, ಮನೆಮಂದಿಯೆಲ್ಲ ನಿಂತು ಹಾಡಿ.